ಕಣ್ಣ ಕೆಳಗಿನ ಚೂರು

ಚಿಕ್ಕಜಾಜೂರು, ಭಾನುವಾರ ಮಧ್ಯಾಹ್ನ

ಮಗಳೇ ಮೇಘಶ್ರೀ,

ನನಗೆ ಭಯವಾಗಿದೆ. ಅರವತ್ತಮೂರು ವರ್ಷದ ದೊಡ್ಡಪ್ಪ ಹೀಗೆ ಬರೆದನೆಂದು ನಗಬೇಡ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಹೊರಟೆ. ಮೂರು ಸಲವೂ ನಿನ್ನ ದನಿ ಕೇಳಿದ ಕೂಡಲೇ "ಉಂಡ್ಯೇನವ್ವ" ಎಂದಷ್ಟೇ ಕೇಳಿ ಇಟ್ಟುಬಿಟ್ಟೆ. ಬುಧವಾರ ಬೆಂಗಳೂರಿನ ನಿಮ್ಮ ಸಂಶೋಧನಾ ಸಂಸ್ಥೆಯಲ್ಲಿ ನನ್ನ ಸ್ಕ್ಯಾನ್. ಅದಕ್ಕೆ ಮೊದಲು ನೀನು ಇದನ್ನು ಓದಲೇಬೇಕು.

ಪ್ರಾಸ್ಟೇಟ್ ಗಂಟಿಗೆ ವಿಕಿರಣದ ಕರೆಂಟ್ ಕೊಡಿಸಿ ಎರಡು ವರ್ಷವಾಯಿತು. ಈಗ ರಕ್ತಪರೀಕ್ಷೆಯ ಅಂಕಿ ಮತ್ತೆ ಏರಿದೆ, ಸಿ.ಟಿ.ಯಲ್ಲಿ ಒಂದು ನೆರಳು ಕಾಣುತ್ತಿದೆ. ಅದು ಸುಟ್ಟ ಗಾಯದ ಕಲೆಯೋ ಬದುಕಿರುವ ಕ್ಯಾನ್ಸರೋ, ಯಾರೂ ಖಚಿತವಾಗಿ ಹೇಳುವುದಿಲ್ಲ. ಹೋದ ತಿಂಗಳು ನೀನು ಬಂದು ಜಗಲಿಯ ಮೇಲೆ ಕೂತು ಹೇಳಿದ್ದು ನೆನಪಿದೆ: "ಸಂತೇಲಿ ಲಕ್ಷ ಜನ ಅವ್ರೆ ಅನ್ಕಳ್ರಿ ದೊಡ್ಡಪ್ಪ. ಅರ್ಧ ಜನ ಆ ಕಡೆ ಮಖ, ಅರ್ಧ ಜನ ಈ ಕಡೆ. ಒಬ್ರ ಕೂಗು ಇನ್ನೊಬ್ರದಕ್ಕೆ ವಜಾ. ಉಳಿಯೋ ಒಂದಿಬ್ರ ದನಿ ಅಷ್ಟೇ ನಮ್ಮ ಎಂಆರ್‌ಐಗೆ ಕೇಳ್ಸೋದು. ನಾವು ಸಕ್ಕರೆಯಿಂದ ಮೈಯಾಗೆ ಹುಟ್ಟೋ ಪೈರುವೇಟ್ ಅನ್ನೋದನ್ನ ವಿಪರೀತ ತಣ್ಣಗೆ ಮಾಡಿ, ಅದರೊಳಗಿನ ಕಣಗಳನ್ನ ಆದಷ್ಟು ಒಂದೇ ಕಡೆ ತಿರುಗಿಸ್ತೀವಿ. ಆಗ ದನಿ ಸಾವಿರಾರು ಪಟ್ಟು ಜೋರಾಗ್ತೈತೆ. ಕ್ಯಾನ್ಸರ್ ಜೀವಂತ ಐತೆ ಅಂದ್ರೆ ಅದು ಪೈರುವೇಟನ್ನ ಗಬಗಬ ತಿಂದು ಬೇರೆ ವಸ್ತು ಮಾಡ್ತೈತೆ. ಅದೂ ಕಾಣ್ತೈತೆ."

ಗಂಟೆಗಟ್ಟಲೆ ಕೂತು ತುಂಬಿದ ಆ ಶಕ್ತಿ, ಪೈರುವೇಟನ್ನು ಕರಗಿಸಿದ ಮೇಲೆ ಒಂದೆರಡು ನಿಮಿಷದಲ್ಲಿ ಇಳಿದುಹೋಗುತ್ತದೆ, ಅಷ್ಟರೊಳಗೆ ಔಷಧಿ ರಕ್ತನಾಳ ಸೇರಬೇಕು ಎಂದೆ ನೀನು. ನನಗೆ ಆಗ ನೆನಪಾದದ್ದು ಟೋಕನ್. ಓಡುವ ರೈಲುಗಾಡಿಯ ಚಾಲಕನಿಗೆ ಬೆತ್ತದ ಬಳೆಗೆ ಸಿಕ್ಕಿಸಿದ ಟೋಕನ್ ಎತ್ತಿ ಕೊಡುತ್ತಿದ್ದ ಪಾಯಿಂಟ್ಸ್‌ಮನ್ ನಾನು. ಅದು ಕೈ ಸೇರದೆ ಗಾಡಿ ಮುಂದಿನ ನಿಲ್ದಾಣಕ್ಕೆ ಹೋಗುವಂತಿಲ್ಲ. ಹಾಗೆಂದಾಗ ನೀನು, "ಹಂಗಾದ್ರೆ ನಂದೂ ಪಾಯಿಂಟ್ಸ್‌ಮನ್ ಕೆಲ್ಸನೇ ಬಿಡ್ರಿ" ಎಂದು ನಕ್ಕೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಏಕೆಂದರೆ ನಾನು ಸುಳ್ಳು ಹೇಳಿದ್ದೇನೆ. ನಿಮ್ಮಲ್ಲಿ ಅರ್ಜಿ ತುಂಬಿಸಿಕೊಂಡ ಪ್ರೀತಿ ಎಂಬ ಹುಡುಗಿ ಹಿರಿಯೂರಿನವಳಂತೆ. ಇಂಗ್ಲಿಷಿನ ಪ್ರಶ್ನೆಗಳನ್ನೆಲ್ಲ ನಮ್ಮ ಮಾತಿನಲ್ಲೇ ಕೇಳಿದಳು. "ಅಜ್ಜಾ, ಮೈಯಾಗೆ ಎಲ್ಲಾದ್ರೂ ಕಬ್ಬಿಣದ ಚೂರು ಹೊಕ್ಕಿತ್ತಾ?" ಯೋಚಿಸಲೇ ಇಲ್ಲ ನಾನು. ಮೂವತ್ತೈದು ವರ್ಷ ರೈಲ್ವೆ ಇಲಾಖೆಯ ವೈದ್ಯರ ಮುಂದೆ ಹೇಳಿದ ದನಿಯಲ್ಲೇ "ಇಲ್ಲ ತಾಯಿ" ಎಂದು ಸಹಿ ಹಾಕಿದೆ.

ಚೂರು ಇದೆ ಮಗಳೇ. ಎಡಗಣ್ಣಿನ ಕೆಳಗೆ.

ಎಂಬತ್ತೇಳರ ಜನವರಿಯಲ್ಲಿ ರಾಮಗಿರಿ ಕಡೆ ಮಂಜು ಮುಸುಕಿತ್ತು. ಸಿಗ್ನಲ್ ಕಾಣದ ಚಾಲಕನನ್ನು ಎಚ್ಚರಿಸಲು ಹಳಿಯ ಮೇಲೆ ಪಟಾಕಿ ಕಟ್ಟುವುದು ನಮ್ಮ ಪದ್ಧತಿ. ಗಾಲಿ ಹತ್ತಿದರೆ ಅದು ಸಿಡಿಯುತ್ತದೆ. ಕಟ್ಟಿ ದೂರ ಹೋದವನು ಮರೆತ ಲಾಟೀನಿಗೆಂದು ಹಿಂದಕ್ಕೆ ಬಂದೆ. ಗಾಡಿಯೂ ಬಂತು, ಪಟಾಕಿ ಸಿಡಿದು ಅದರ ಕಬ್ಬಿಣದ ತಗಡಿನ ಚೂರು ಕೆನ್ನೆಗೆ ಹೊಕ್ಕಿತು. ಜೊತೆಗಿದ್ದ ದಿಲಾವರ್ ತನ್ನ ತಲೆವಸ್ತ್ರದಿಂದ ರಕ್ತ ಒತ್ತಿ ಹಿಡಿದು ಹೇಳಿದ: "ಲೇ ಕೆಂಚಾ, ಡಾಕ್ಟ್ರ ಹತ್ರ ಬಾಯಿ ಬಿಟ್ಟೀಯ. ಕಣ್ಣು ಸರಿ ಇಲ್ಲ ಅಂತ ಬರೆದು ಪ್ಲಾಟ್‌ಫಾರ್ಮ್‌ನಾಗೆ ನೀರು ಕುಡ್ಸಾಕೆ ಹಾಕ್ತಾರೆ." ಅದು ಬರೀ ತಮಾಷೆಯಲ್ಲ. ಹಿಂದಿನ ವರ್ಷ ನಮ್ಮ ಜೊತೆಯ ಪಾಯಿಂಟ್ಸ್‌ಮನ್ ಓಬಳೇಶಪ್ಪ ತನ್ನ ಕಿವಿಯ ವಿಷಯ ನಿಜ ಹೇಳಿ, ಕೊನೆಗೆ ನೀರಿನ ಕೊಡದ ಪಕ್ಕದಲ್ಲೇ ನಿವೃತ್ತನಾದ. ನಿಜ ಹೇಳಿದವನನ್ನು ಕೆಳಗಿಳಿಸುವ ನಿಯಮಗಳನ್ನು ಬೈದು ನಾನು ಪತ್ರಿಕೆಗಳಿಗೆ ಎಷ್ಟು ಬರೆದಿಲ್ಲ! ನನ್ನ ಬಡ್ತಿ ಹೇಗೆ ಬಂತೆಂದು ಮಾತ್ರ ಒಂದರಲ್ಲೂ ಬರೆಯಲಿಲ್ಲ.

ಗುರುವಾರ ನೀನು ಕೊಟ್ಟ ಪುಸ್ತಿಕೆ ಓದುತ್ತಿದ್ದೆ. ಕಣ್ಣಿನ ಬಳಿ ಕಬ್ಬಿಣವಿದ್ದರೆ ಯಂತ್ರದ ಅಯಸ್ಕಾಂತ ಅದನ್ನು ಎಳೆದು ದೃಷ್ಟಿ ಕಳೆಯಬಹುದೆಂದಿತ್ತು. ನಂಬಿಕೆಯಾಗದೆ ಹಳೆಯ ರೇಡಿಯೊದ ಸ್ಪೀಕರ್ ಬಿಚ್ಚಿ, ಅದರ ಅಯಸ್ಕಾಂತವನ್ನು ಕೆನ್ನೆಗೆ ಹಿಡಿದೆ. ಚರ್ಮದೊಳಗೆ ಇರುವೆ ಹೊರಳಿದಂತಾಯಿತು. ಕೈಯಲ್ಲಿದ್ದದ್ದನ್ನು ನೆಲಕ್ಕೆ ಬಿಸಾಡಿದೆ. ನಿಮ್ಮ ಅಯಸ್ಕಾಂತದ ಮುಂದೆ ಅದು ಮಕ್ಕಳ ಆಟಿಕೆ. ಅಂದಿನಿಂದ ನಿದ್ದೆ ಇಲ್ಲ. ಕಣ್ಣು ಹೋಗುವ ಭಯ ಒಂದು. ನನ್ನ ಸುಳ್ಳಿನಿಂದ ನಿನ್ನ ಕೆಲಸವೇ ನಿಂತುಹೋದೀತೆಂಬ ಭಯ ಇನ್ನೂ ದೊಡ್ಡದು.

ನಿನ್ನೆ ದಿಲಾವರ್‌ಗೆ ಹೇಳಿದೆ. ವೀಳ್ಯದೆಲೆಯ ತೊಟ್ಟು ಮುರಿದ. ಆಮೇಲೆ, "ಇನ್ನಾದ್ರೂ ಹೇಳೋ ಮಾರಾಯ. ಈಗ ನಿನ್ನ ಯಾರು ನೀರು ಕುಡ್ಸಾಕೆ ಹಾಕ್ತಾರೆ?" ಎಂದ. ಇಬ್ಬರೂ ನಕ್ಕೆವು. ನಗು ಮುಗಿದ ಮೇಲೂ ಅವನು ನನ್ನ ಎಡಗಣ್ಣನ್ನೇ ನೋಡುತ್ತಿದ್ದ.

ನನ್ನ ಹೆಸರು ಪಟ್ಟಿಯಿಂದ ಹೋದರೂ ಚಿಂತೆಯಿಲ್ಲ ಎಂದು ಬರೆಯುವಷ್ಟು ಧೈರ್ಯ ನನಗಿಲ್ಲ. ಆ ನೆರಳು ಸತ್ತಿದೆಯೋ ಬದುಕಿದೆಯೋ ತಿಳಿಯಬೇಕು. ಚೂರನ್ನು ತೆಗೆಸಲು ಸಾಧ್ಯವೇ ಕೇಳು. ಆಗದಿದ್ದರೆ ನನ್ನ ಸರದಿಯನ್ನು ನನ್ನಂತೆಯೇ ಕಾಯುತ್ತಿರುವ ಬೇರೊಬ್ಬರಿಗೆ ಕೊಡು. ನಿನ್ನ ಔಷಧಿ ತಯಾರಾಗಿ ವ್ಯರ್ಥವಾಗಬಾರದು.

ನಾಳೆ ಬೆಳಗಿನ ಗಾಡಿಗೆ ದಿಲಾವರ್‌ನ ಮಗಳು ಆಲಿಯಾ ಬೆಂಗಳೂರಿಗೆ ಬರುತ್ತಿದ್ದಾಳೆ. ಈ ಪತ್ರವನ್ನು ಅವಳು ನಿನ್ನ ಕೈಗೇ ಕೊಡುತ್ತಾಳೆ, ಮೇಜಿನ ಮೇಲಿಟ್ಟು ಬರಬಾರದೆಂದು ಹೇಳಿದ್ದೇನೆ. ಕೈ ಸೇರಿತೆಂದು ನೀನು ಹೇಳುವವರೆಗೆ ನಾನು ಇಲ್ಲಿಂದ ಹೊರಡುವುದಿಲ್ಲ.

ನಿನ್ನ ಎರಡು ಕಣ್ಣೂ ತಂಪಾಗಿರಲಿ, ತಾಯಿ.

ಇಷ್ಟು ವರ್ಷಕ್ಕೆ ನಿಜ ಹೇಳಿದ
ನಿನ್ನ ದೊಡ್ಡಪ್ಪ,
ಕೆಂಚಣ್ಣ