ಹೊಳೆಗೆ ಹೋಗುವ ಹಲಗೆ

ಸಿಂಗಟಾಲೂರು, ೧ ನವೆಂಬರ್ ೧೯೫೬, ಗುರುವಾರ

ಇವತ್ತೂ ನಮ್ಮವರು ಹಲಗೆ ಹೊತ್ತುಕೊಂಡು ಹೊಳೆಗೆ ಹೋದರು. ಎರಡೂ ದಂಡೆ ಒಂದೇ ರಾಜ್ಯವಾಯಿತೆಂದು ಶಾಲೆಯಲ್ಲಿ ಪೇಢೆ ಹಂಚಿದರೆ ಅದನ್ನೂ ತಿನ್ನಲಿಲ್ಲ.

ಪಕ್ಕದ ಮನೆಯ ಉಡಚವ್ವ ಕೇಳಿಯೇಬಿಟ್ಟಳು: "ನಿನ್ನ ಗಂಡ ಆಚಿ ದಂಡಿಗೆ ಯಾರ ಮನಿಗೆ ಹೋಗ್ತಾನ, ಖಬರ ಐತೇನ್ ನಿನಗ?"

ಮೈ ಉರಿಯಿತು. ನನಗೂ ಅದೇ ಗುಮಾನಿ. ಮುಂಬಯಿಯ ಹಡಗಿನ ಕೆಲಸ ಬಿಟ್ಟು ಬಂದಾಗಿನಿಂದ ಮನೆಯಲ್ಲಿ ನಕ್ಕಿದ್ದೇ ಇಲ್ಲ. ಯಾವುದೋ ದ್ವೀಪದಲ್ಲಿ ಉದ್ದ ಹಲಗೆಯ ಮೇಲೆ ನಿಂತು ಅಲೆ ಏರುವುದನ್ನು ಕಲಿತೆ ಎಂದಾಗ ನಾನು ನಂಬಿರಲಿಲ್ಲ.

ಸಂಜೆ ಹಿಂದೆಯೇ ಹೋಗಿ ಜಾಲಿಗಿಡದ ಮರೆಯಲ್ಲಿ ನಿಂತೆ. ಬಂಡೆ ದಾಟಿದ ನೀರು ಮೊಣಕಾಲೆತ್ತರದ ಅಲೆಯಾಗಿ ಏಳುವಲ್ಲಿ ಹಲಗೆ ಹಾಕಿ ಅದರ ಮೇಲೆ ಎದ್ದು ನಿಂತರು. ಹೊಳೆ ಕೆಳಗೆ ಓಡುತ್ತಿತ್ತು, ಇವರು ಮಾತ್ರ ಇದ್ದಲ್ಲೇ ಇದ್ದರು. ಒಂದೊಂದೇ ಹೆಜ್ಜೆ ಹಲಗೆಯ ತುದಿಗೆ ನಡೆದು, ಕೈ ಚಾಚಿ, ಒಬ್ಬರೇ ನಗುತ್ತಿದ್ದರು.

ಊಟಕ್ಕೆ ಕೂತಾಗ ಕೇಳಿದೆ: "ಆಚಿ ದಂಡಿಗೆ ಹೋಗಾಕೇನ್ರಿ ಆ ಹಲಗಿ?"

"ಹೋಗಾಕ ಅಲ್ಲ, ನಿಂದ್ರಾಕ."

ಈಗ ಗೊರಕೆ ಹೊಡೆಯುತ್ತಿದ್ದಾರೆ. ಆಚೆ ದಂಡೆಯಲ್ಲಿ ಒಬ್ಬಳು ಇದ್ದಿದ್ದರೆ ಹೆರಳು ಹಿಡಿದು ಜಗಳಾಡಬಹುದಿತ್ತು. ಹೊಳೆಯ ಹೆರಳು ಎಲ್ಲಿ ಹಿಡಿಯಲಿ? ಓಡುವ ನೀರಿನ ಮೇಲೆ ಅಷ್ಟು ಗಟ್ಟಿಯಾಗಿ ನಿಲ್ಲುವವರು ಈ ಮನೆಯಲ್ಲಿ ನಿಲ್ಲುತ್ತಾರೆಂದು ಮಾತ್ರ ನನಗೆ ಇನ್ನೂ ನಂಬಿಕೆಯಿಲ್ಲ.