ಲಗ್ನಪತ್ರಿಕೆಯ ಎರಡನೇ ನಂಬರು

ಸೋಲಾಪುರ,
ಮಂಗಳವಾರ

ಶಾಂತಪ್ಪ ಕಾಕಾ,

ತೀರ್ಥರೂಪ ಎಂದು ಬರೆಯಲು ಕೈ ಏಳಲಿಲ್ಲ.

ನಿಮ್ಮ ಮಗಳು ವರದಾಳ ಲಗ್ನಪತ್ರಿಕೆಯ ಕರಡು ತಿದ್ದಲು ನನ್ನ ಮೇಜಿಗೇ ಬಂತು. ನಮ್ಮ ಪ್ರೆಸ್ಸಿನಲ್ಲಿ ಕನ್ನಡ ಓದುವವಳು ನಾನೊಬ್ಬಳೇ. ಸಂಪರ್ಕಕ್ಕೆಂದು ನಿಮ್ಮ ಹೆಸರಿನ ಮುಂದೆ ಎರಡು ನಂಬರು ಬರೆದುಕೊಟ್ಟಿದ್ದೀರಿ. ಎರಡನೆಯದು ನನಗೆ ಬಾಯಿಪಾಠ. ಆರು ತಿಂಗಳಿಂದ "ಇವತ್ತ ಯಾವ ಸೀರಿ ಉಟ್ಟೀದಿ? ಫೋಟೋ ಕಳಸು" ಎಂದು ಮೆಸೇಜು ಬರುತ್ತಿರುವುದು ಅದರಿಂದಲೇ. ಅದು ಯಾರದೆಂದು ನಿಮ್ಮನ್ನೂ ಕೇಳಿದ್ದೆ. "ಮನಸಿಗಿ ಹಚ್ಚಿಕೋಬ್ಯಾಡವಾ ಶರ್ವರಿ, ಯಾವನೋ ಹಲ್ಕಟ್ ಇರ್ತಾನ" ಅಂದಿದ್ದಿರಿ.

ಆ ನಂಬರನ್ನು ಹೊಡೆದುಹಾಕಿದ್ದೇನೆ. ವರದಾಳ ಪತ್ರಿಕೆಗೆ ಆ ಹೊಲಸು ಬೇಡ. ಕರಡು ಜೊತೆಗಿದೆ, ಸಹಿ ಮಾಡಿ ಕಳಿಸಿ.

ಅಕ್ಕಲಕೋಟಕ್ಕೆ ಲಗ್ನಕ್ಕೆ ಬರುತ್ತೇನೆ. ನಿಮ್ಮ ಕಾಲು ಮಾತ್ರ ಮುಟ್ಟುವುದಿಲ್ಲ. ಯಾಕೆಂದು ವರದಾಳ ತಾಯಿ, ನಮ್ಮ ಕಾಕು, ಕೇಳಿದರೆ ನೀವೇ ಹೇಳಿ.

ಶರ್ವರಿ