ಒಂದರ ಬದಲು ಲಾಭ

ಅಪ್ಪಾ,

ಬಸ್ಸಿಗೆ ಹೊತ್ತಾತು, ನಾ ಗದಗಕ್ಕ ಹೊಂಟೀನಿ. ರೊಟ್ಟಿ ಬುಟ್ಟ್ಯಾಗ ಅದಾವು. ಬಿ.ಪಿ. ಗುಳಿಗಿ ಮರೀಬ್ಯಾಡ.

ಶಾಂಭವಿನ್ನ ಅಂಗನವಾಡಿಗೆ ನೀನ ಕರ್ಕೊಂಡು ಹೋಗು. ನಿನ್ನೆ ಟೀಚರ್ ಒಂದು ಹುಣಸೀಬೀಜ ಇಟ್ಟು "ಎಷ್ಟು?" ಅಂದ್ರ, ನಿನ್ನ ಮೊಮ್ಮಗಳು "ಲಾಭ" ಅಂದ್ಲಂತ. ಹುಡುಗ್ರೆಲ್ಲಾ ನಕ್ಕಾರ, ಅಳಕೋತ ಬಂದ್ಲು. ಜ್ವಾಳ ಅಳಿಯೂಮುಂದ ನೀ ಶುಭ ಆಗ್ಲಿ ಅಂತ "ಲಾಭ, ಎರಡು, ಮೂರು" ಅಂತೀ, ಆಕಿ ಅದನ್ನ ಕಲ್ತಾಳ. ಅದಕ್ಕ ನಾ ನಿನ್ನ ಮ್ಯಾಲ ಸಿಟ್ಟಾಗಿದ್ದು ಖರೆ. ಹಂಗಂತ "ಇನ್ನ ಆಕಿ ಮುಂದ ಅಳಿಯೂದಿಲ್ಲ" ಅಂತ ಸೇರು ಒಯ್ದು ಅಟ್ಟದ ಮ್ಯಾಲ ಇಡೂದೇನು? ಎಂಥಾ ಸಿಟ್ಟಪಾ ನಿಂದು! ಇಳಿಸಿ ಇಟ್ಟೀನಿ.

ಜ್ವಾಳ ಆಕಿ ಕೈಲೇನ ಅಳೆಸು. ಬಟ್ಲಾ, ಉಳ್ಳಾಗಡ್ಡಿ ಎಣಿಸೂಮುಂದ ಮಾತ್ರ "ಒಂದು" ಅಂತ ಹೇಳಿಕೊಡು. ಜ್ವಾಳಕ್ಕ ಲಾಭ, ಉಳಿದಿದ್ದಕ್ಕೆಲ್ಲಾ ಒಂದು. ತಿಳೀತೈತಿ ಆಕಿಗೆ, ಶಾಣ್ಯಾಕಿ ಅದಾಳ.

ಗಿರಣಿಗೆ ಒಯ್ಯೂ ಜ್ವಾಳ ಬಾಗಲದಾಗ ಐತಿ. ಮುಂಜಾನಿ "ಒಂದು" ಅಂತನ ಅಳಿಯಾಕ ಶುರು ಮಾಡಿದ್ದೆ. ಮನಸ್ಸು ಒಪ್ಪಲಿಲ್ಲ. ಎಲ್ಲಾ ತಿರುಗಿ ಚೀಲಕ್ಕ ಸುರುವಿ, ಲಾಭದಿಂದ ಅಳದೀನಿ.

ಮಾಯಾ